ಅಡಿಕೆ ಸುಲಿಯುವ ಕೈ ನಿಂತ ಜಾಗ

ಹೋದ ಡಿಸೆಂಬರ್‌ನಲ್ಲಿ ನಾನು ಬರೆದು ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ವಿಮರ್ಶೆ ಚೆನ್ನಾಗಿ ಓಡಿತು. ಚಿತ್ರದ ಹೆಸರು 'ದಿ ನೋಯಲ್ ಡೈರಿ'. ಕ್ರಿಸ್ಮಸ್ ಹೊತ್ತಿನ ಪ್ರೇಮಕಥೆ, ಕಾದಂಬರಿಯಿಂದ ಮಾಡಿದ್ದು. ನೆಟ್‌ಫ್ಲಿಕ್ಸ್‌ಗೆ ಬಂದದ್ದು 2022ರಲ್ಲಿ. ಹಳೇ ಚಿತ್ರಕ್ಕೆ ಈಗ ಯಾಕೆ ವಿಮರ್ಶೆ ಅಂತ ಕೇಳಿದವರೇ ಜಾಸ್ತಿ. ಶಿವಮೊಗ್ಗದಲ್ಲಿ ನನ್ನ ಹಾಗೇ ಸಿನಿಮಾ ಬಗ್ಗೆ ಬರೆಯುವ ಗೆಳೆಯರು ಇಬ್ಬರಿದ್ದಾರೆ. ಗಾಂಧಿ ಬಜಾರ್ ಹತ್ತಿರ ಕಾಫಿಗೆ ಸೇರಿದಾಗ ಅವರಲ್ಲಿ ಒಬ್ಬ ನೇರವಾಗಿಯೇ ಅಂದ, "ಇದರಲ್ಲಿ ಬರೆಯೋಕೆ ಏನಿದೆ ಮಾರಾಯ? ಹತ್ತು ನಿಮಿಷಕ್ಕೇ ಕೊನೆ ಗೊತ್ತಾಗುತ್ತೆ."

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಕೊನೆ ಗೊತ್ತು ಅನ್ನೋದು ನಿಜ. ಆದರೆ ನಮ್ಮ ಕಡೆ ಯಕ್ಷಗಾನದ 'ಕೃಷ್ಣ ಸಂಧಾನ' ಪ್ರಸಂಗ ನೋಡೋಕೆ ಹೋಗುವವರಿಗೆ ಸಂಧಾನ ಮುರಿದುಬೀಳುತ್ತೆ ಅಂತ ಗೊತ್ತಿಲ್ವಾ? ಗೊತ್ತಿದ್ದೂ ಬೆಳಗಿನವರೆಗೆ ಕಂಬಳಿ ಹೊದ್ದು ಕೂತಿರುತ್ತಾರೆ. ಮರುದಿನ ಮಾತಾಡುವಾಗ ಕಥೆಯ ಸುದ್ದಿ ಯಾರೂ ಎತ್ತೋದಿಲ್ಲ. ಕೌರವ ಆ ಮಾತನ್ನು ಹೇಗೆ ಹಿಡಿದ, ಕೃಷ್ಣ ಎಲ್ಲಿ ಸುಮ್ಮನಾದ, ಭಾಗವತರು ಯಾವ ಪದ್ಯ ಎಳೆದರು, ಇದೇ ಮಾತು. ಕ್ರಿಸ್ಮಸ್ ಪ್ರೇಮಕಥೆಗೂ ಇದೇ ಕಣ್ಣು ಬೇಕು ಅಂತ ನನಗೆ ಅನ್ನಿಸಿತು. ಕಥೆ ಯಾವ ಜಾಗದಲ್ಲಿ ನೋಡುವವರನ್ನು ಹಿಡಿದು ನಿಲ್ಲಿಸುತ್ತೆ, ಅದನ್ನು ಹಿಡಿಯಬೇಕು. ಆದರೆ ಹಿಡಿಯೋದು ಹೇಗೆ?

ಮೊದಲು ಮಾಡಿದ್ದು ಎಲ್ಲರೂ ಮಾಡುವ ಹಾಗೇ. ಕಾದಂಬರಿ ತರಿಸಿದೆ. ಅಂಚೆ ಖರ್ಚು ಸೇರಿ ಏಳುನೂರೋ ಎಂಟುನೂರೋ ಆಯಿತು. ಮೊದಲು ಪುಸ್ತಕ ಓದಿದೆ, ಆಮೇಲೆ ಚಿತ್ರ ನೋಡಿದೆ. ದೊಡ್ಡ ತಪ್ಪು ಅದು. ಚಿತ್ರ ನೋಡುವಾಗ ತಲೆ ತುಂಬ ಪುಸ್ತಕವೇ. ಅದು ಇಲ್ಲ, ಇದು ಬದಲಾಗಿದೆ ಅಂತ ಹುಡುಕುತ್ತಾ ಕೂತೆ. ಬರೆದದ್ದು ಕಡತದ ಟಿಪ್ಪಣಿ ಥರ ಇತ್ತು. ಒಂದು ವಾರಪತ್ರಿಕೆಗೆ ಕಳಿಸಿದೆ. ಅವರು ಒಂದು ವಿಮರ್ಶೆಗೆ ಮುನ್ನೂರು ರೂಪಾಯಿ ಕೊಡುತ್ತಿದ್ದರು. ಇದನ್ನು ಹಾಕಲೇ ಇಲ್ಲ, ಉತ್ತರವನ್ನೂ ಬರೆಯಲಿಲ್ಲ. ಓದಿ ನೋಡಿದರೆ ಹಾಕದೇ ಇದ್ದದ್ದೇ ಸರಿ ಅನ್ನಿಸುತ್ತೆ. ಈಗ ನನ್ನ ನಿಯಮ ಒಂದೇ: ಚಿತ್ರ ಮೊದಲು, ಪುಸ್ತಕ ಆಮೇಲೆ, ಮತ್ತೆ ಚಿತ್ರ. ಆ ಎರಡನೇ ಸಲಕ್ಕೆ ಪೂರ್ತಿ ನೋಡೋದಿಲ್ಲ, ಗುರುತು ಹಾಕಿದ ಜಾಗಗಳನ್ನು ಮಾತ್ರ ನೋಡುತ್ತೇನೆ.

ಆ ಗುರುತು ಎಲ್ಲಿಂದ ಬಂತು ಅನ್ನೋದೇ ಈ ಬರಹದ ವಿಷಯ.

ಅಕ್ಕನ ಮನೆ ತೀರ್ಥಹಳ್ಳಿ ಕಡೆ, ಒಂದು ಸಣ್ಣ ಊರು. ನವೆಂಬರ್ ಕೊನೆಯಿಂದ ಅಲ್ಲಿ ಅಡಿಕೆ ಕೊಯ್ಲು. ರಾತ್ರಿ ಊಟ ಮುಗಿಸಿ ಎಂಟೊಂಬತ್ತು ಹೆಂಗಸರು ಅಂಗಳದ ಚಪ್ಪರದ ಕೆಳಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತೆ, ಆ ಬೆಂದ ನೀರಿನ, ಚೊಗರಿನ ವಾಸನೆ. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಕೈ ನಿಂತರೆ ಅವರಿಗೇ ನಷ್ಟ. ಒಂದು ರಾತ್ರಿ ಅಕ್ಕ ಟಿವಿ ತಂದು ಅಂಗಳದಲ್ಲಿಟ್ಟು ಯಾವುದೋ ಧಾರಾವಾಹಿ ಹಾಕಿದ್ದಳು. ಹೆಂಗಸರು ಕಿವಿಯಲ್ಲೇ ನೋಡುತ್ತಿದ್ದರು, ಕೈ ಓಡುತ್ತಲೇ ಇತ್ತು. ಒಂದು ಕಡೆ ಮಾತ್ರ ಎಲ್ಲರ ಕೈಯೂ ಒಟ್ಟಿಗೆ ನಿಂತವು. ಅಷ್ಟು ದುಡ್ಡು ಬಿಟ್ಟು ಟಿವಿ ನೋಡಿದರು ಅಂದರೆ ಆ ಜಾಗದಲ್ಲಿ ಏನೋ ಇದೆ. "ಹೇಗಿತ್ತು?" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿತ್ತು" ಅನ್ನುತ್ತಾರೆ. ಕೈ ಹಾಗೆ ಸುಳ್ಳು ಹೇಳೋದಿಲ್ಲ.

ಇದನ್ನು ಗೆಳೆಯರಿಗೆ ಹೇಳಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಹಿಮ ಬೀಳುವ ಊರಿನ ಇಂಗ್ಲಿಷ್ ಚಿತ್ರವನ್ನು ಅಡಿಕೆ ಸುಲಿಯುವವರ ಮುಂದೆ ಇಟ್ಟು ಏನು ಅಳೆಯುತ್ತೀಯ ಅಂದರು. ಭಾವನೂ "ಕೆಲಸ ಕೆಡುತ್ತೆ ಕಣೋ" ಅಂದರು. ಕೊಯ್ಲಿನ ಹೊತ್ತಿನಲ್ಲಿ ಆ ಮಾತು ನ್ಯಾಯವೇ. ಕೈ ನಿಂತ ಹೊತ್ತಿಗೆ ಆಗುವ ಕೂಲಿ ನಷ್ಟವನ್ನು ನಾನೇ ತುಂಬಿಕೊಡುತ್ತೇನೆ, ತಲೆಗೆ ಐವತ್ತು ರೂಪಾಯಿ ಮುಂಚೆಯೇ ಇಡುತ್ತೇನೆ ಅಂದ ಮೇಲೆ ಒಪ್ಪಿದರು.

ಮೊದಲ ರಾತ್ರಿ ಪೂರ್ತಿ ಹಾಳು. ಶಿವಮೊಗ್ಗದಿಂದ ಪ್ರೊಜೆಕ್ಟರ್ ಬಾಡಿಗೆಗೆ ತಂದಿದ್ದೆ, ಸಾವಿರದ ಇನ್ನೂರು ರೂಪಾಯಿ. ಪಂಚೆ ಕಟ್ಟಿ ಪರದೆ ಮಾಡಿದೆ. ದೀಪ ಆರಿಸಿದೆ. ಅಷ್ಟು ಹೊತ್ತಿಗೆ ಒಬ್ಬ ಅಮ್ಮ, "ತಮ್ಮಾ, ಕತ್ತಲಲ್ಲಿ ಕತ್ತಿ ಮೇಲೆ ಕೈ ಹೇಗೆ ಇಡೋದು?" ಅಂದರು. ದೀಪ ಹಾಕಿದರೆ ಪರದೆ ಕಾಣೋದಿಲ್ಲ. ಪ್ರೊಜೆಕ್ಟರ್ ಹಾಗೇ ಮಡಿಚಿಟ್ಟೆ. ಬಾಡಿಗೆ ವಾಪಸ್ ಬರಲಿಲ್ಲ. ಮರುದಿನದಿಂದ ಅಕ್ಕನ ಮನೆಯ ಹಳೇ ಟಿವಿ ಸಾಕು ಅಂತ ಆಯಿತು. ಕರೆಂಟ್ ಹೋಗುತ್ತೆ ಅಂತ ಬ್ಯಾಟರಿಗೆ ಬೇರೆ ಒಂದಿಷ್ಟು ಖರ್ಚು ಮಾಡಿದೆ. ಹೊಸಬಳೊಬ್ಬಳು ಹುಡುಗಿ ಇದ್ದಳು, ಕತ್ತಿ ಇನ್ನೂ ಪಳಗಿರಲಿಲ್ಲ. ಅವಳನ್ನು ಸಿಪ್ಪೆ ಬಾಚುವ ಕೆಲಸಕ್ಕೆ ಹಾಕಿದೆವು. ನುರಿತವರು ಕತ್ತಿಯಿಂದ ಕೈ ತೆಗೆದೇ ತಲೆ ಎತ್ತುತ್ತಾರೆ, ಅವರಿಗೆ ತೊಂದರೆಯಿಲ್ಲ.

ಎರಡನೇ ರಾತ್ರಿಯ ತಪ್ಪು ಇನ್ನೂ ದೊಡ್ಡದು. ಚಿತ್ರ ಇಂಗ್ಲಿಷಿನಲ್ಲಿದೆ, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾನು ತಾಳಮದ್ದಳೆ ಕೇಳಿ ಬೆಳೆದವನು. ಅದರಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ಹಾಗೆ ಮಾತು ಏರಿಸಿದೆ, ಇಳಿಸಿದೆ. ಹೆಂಗಸರು ಎಂಟು ಸಲ ಕೈ ನಿಲ್ಲಿಸಿದರು. ಖುಷಿಯಿಂದ ಗುರುತು ಹಾಕಿಕೊಂಡೆ. ಮನೆಗೆ ಬಂದು ಕೂತಾಗ ಗೊತ್ತಾಯಿತು, ಅವರು ನಿಂತದ್ದು ನನ್ನ ಮಾತಿಗೆ. ಚಿತ್ರದ ಅಳತೆ ಅದರಲ್ಲಿ ಇರಲೇ ಇಲ್ಲ. ಎರಡು ರಾತ್ರಿಯ ದುಡ್ಡು ಹೋಯಿತು, ಕೈಗೆ ಸಿಕ್ಕಿದ್ದು ಸೊನ್ನೆ.

ಆಮೇಲೆ ಮಾತುಗಳನ್ನು ಮೊದಲೇ ಬರೆದುಕೊಂಡೆ, ಅಕ್ಕನ ಮಗಳ ಕೈಗೆ ಕೊಟ್ಟೆ. ಅವಳು ಪಿಯುಸಿ ಓದುತ್ತಾಳೆ. ಹಾಜರಿ ಕರೆದ ಹಾಗೆ ಒಂದೇ ಧ್ವನಿಯಲ್ಲಿ ಓದು ಅಂದೆ. ಅವಳು ಹಾಗೇ ಓದಿದಳು. ಆ ಓದು ಬರೆಯುವುದರಲ್ಲಿ ಒಂದು ಕೀಲು ಇದೆ, ಯಾವ ಮಾತನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಅನ್ನೋದರ ಲೆಕ್ಕ. ಸಾಕಷ್ಟು ಹೊತ್ತು ಹಿಡಿದಿದೆ ಅದನ್ನು ಕಲಿಯೋಕೆ. ಅದನ್ನು ಇಲ್ಲಿ ಬಿಡಿಸಿ ಹೇಳೋದಿಲ್ಲ.

ಮೂರನೇ ರಾತ್ರಿ ಹೊಸ ಗುಂಪು, ಪಕ್ಕದ ಮನೆಯ ಅಂಗಳ. ಹೊಸಬರೇ ಬೇಕಿತ್ತು, ಕಥೆ ಗೊತ್ತಿರಬಾರದು. ಚಿತ್ರ ಒಂದು ಗಂಟೆ ನಲವತ್ತು ನಿಮಿಷದ ಆಸುಪಾಸು. ಗಡಿಯಾರ, ನೋಟ್‌ಬುಕ್, ಪೆನ್ಸಿಲ್. ಟಿವಿಗೆ ಬೆನ್ನು ಹಾಕಿ ಕೂತೆ.

ಕಥೆ ನಿಮಗೆ ಗೊತ್ತಿರುತ್ತೆ, ಎರಡು ಮಾತಲ್ಲಿ ಹೇಳುತ್ತೇನೆ. ಜೇಕ್ ಟರ್ನರ್ ಹೆಸರಾಂತ ಕಾದಂಬರಿಕಾರ. ದೂರವಾಗಿದ್ದ ತಾಯಿ ತೀರಿಕೊಂಡಿದ್ದಾಳೆ, ಅವಳ ಮನೆ ಖಾಲಿ ಮಾಡೋಕೆ ಕ್ರಿಸ್ಮಸ್ ಹೊತ್ತಿಗೆ ಊರಿಗೆ ಬರುತ್ತಾನೆ. ರೇಚಲ್ ಅನ್ನುವವಳು ತನ್ನ ಹೆತ್ತ ತಾಯಿಯನ್ನು ಹುಡುಕುತ್ತಾ ಅದೇ ಮನೆ ಬಾಗಿಲಿಗೆ ಬರುತ್ತಾಳೆ. ನೋಯಲ್ ಅನ್ನುವ ಆ ತಾಯಿ ಹಿಂದೆ ಆ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿದ್ದವಳು, ಅವಳ ದಿನಚರಿ ಅಲ್ಲಿ ಸಿಗುತ್ತೆ. ಇಬ್ಬರೂ ಸೇರಿ ಜೇಕ್‌ನ ಅಪ್ಪನನ್ನು ಹುಡುಕಿಕೊಂಡು ಕಾರು ಹತ್ತುತ್ತಾರೆ. ಜಸ್ಟಿನ್ ಹಾರ್ಟ್ಲಿ, ಬ್ಯಾರೆಟ್ ಡಾಸ್ ಜೋಡಿ. ಅಪ್ಪ ಜೇಮ್ಸ್ ರೆಮಾರ್. ನಿರ್ದೇಶಕ ಚಾರ್ಲ್ಸ್ ಶಾಯರ್, 1991ರ 'ಫಾದರ್ ಆಫ್ ದಿ ಬ್ರೈಡ್' ಮಾಡಿದವರು. ಮನೆಯೊಳಗಿನ ಸಂಗತಿ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಮುತ್ತು ಕೊಡುವ ದೃಶ್ಯಕ್ಕೆ ಕೈ ನಿಲ್ಲುತ್ತೆ ಅಂತ ನಾನು ಅಂದುಕೊಂಡಿದ್ದೆ. ಒಂದು ಕೈಯೂ ನಿಲ್ಲಲಿಲ್ಲ. ಕತ್ತಿ ಕಚ್ ಕಚ್ ಅಂತ ಓಡುತ್ತಲೇ ಇತ್ತು. ಹಿಮ ಬಂದಾಗಲೂ ಇಲ್ಲ, ದೀಪದ ಮರ ಬಂದಾಗಲೂ ಇಲ್ಲ.

ಮೊದಲ ಸಲ ಕೈ ನಿಂತದ್ದು ಜೇಕ್ ತಾಯಿಯ ಮನೆ ಬಾಗಿಲು ತೆಗೆದಾಗ. ಒಳಗೆಲ್ಲ ಸಾಮಾನಿನ ರಾಶಿ. ಆ ತಾಯಿ ಏನನ್ನೂ ಬಿಸಾಡದೆ ತುಂಬಿಟ್ಟಿದ್ದಾಳೆ. ಆರು ಕೈ ನಿಂತವು. ಒಬ್ಬರು ಮೆಲ್ಲಗೆ, "ಒಬ್ಬಳೇ ಇದ್ದಳು ಪಾಪ," ಅಂದರು. ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಅಮ್ಮ ಒಬ್ಬಳೇ ಉಳಿದ ತೊಟ್ಟಿಮನೆ ನಮ್ಮ ಕಡೆ ಊರಿಗೆ ನಾಲ್ಕಿವೆ. ಅಟ್ಟ ತೆಗೆದರೆ ಅಲ್ಲೂ ಹೀಗೇ. ಎರಡನೇ ಸಲ ನಿಂತದ್ದು ಅಪ್ಪ, ಮಗ ಎದುರುಬದುರಾದಾಗ. ಅಣ್ಣ ಚಿಕ್ಕಂದಿನಲ್ಲೇ ಸತ್ತ ಮನೆ ಅದು, ಆ ಸಾವಿನಿಂದಲೇ ಎಲ್ಲ ಚದುರಿದ್ದು. ಆಗ ಎಂಟೂ ಕೈ ನಿಂತವು. ಎಷ್ಟು ಹೊತ್ತು ಅಂದರೆ, ಹಂಡೆ ಉಕ್ಕಿ ಬೆಂಕಿಯಲ್ಲಿ ಬಿದ್ದು ಚುಂಯ್ ಅಂದಾಗಲೇ ಎಚ್ಚರವಾಗಿದ್ದು. ನನ್ನ ಗಡಿಯಾರದಲ್ಲಿ ಎರಡು ನಿಮಿಷದ ಹತ್ತಿರ. ಪ್ರೇಮಕಥೆ ಅಂತ ಮಾರುವ ಚಿತ್ರ ಹಿಡಿದು ನಿಲ್ಲಿಸಿದ್ದು ತಾಯಿ, ತಂದೆಯ ಕಡೆಯಿಂದ. ಇದು ಸಿಕ್ಕಿದ ಕ್ಷಣ ನನ್ನ ವಿಮರ್ಶೆ ಅರ್ಧ ಬರೆದು ಮುಗಿದ ಹಾಗೆ ಆಯಿತು.

ಆಮೇಲೆ ಪುಸ್ತಕ ಮತ್ತೆ ತೆಗೆದೆ. ರಿಚರ್ಡ್ ಪಾಲ್ ಇವಾನ್ಸ್ ಬರೆದದ್ದು, 2017ರದ್ದು. ಅಲ್ಲಿ ನಾಯಕನ ಹೆಸರು ಜೇಕಬ್ ಚರ್ಚರ್, ಕಥೆಯನ್ನು ಅವನೇ 'ನಾನು' ಅಂತ ಹೇಳುತ್ತಾನೆ. ಮನಸ್ಸು ಕೆಟ್ಟಿದ್ದ ತಾಯಿ ಅವನನ್ನು ಹದಿನಾರಕ್ಕೇ ಮನೆಯಿಂದ ಹೊರಗೆ ಹಾಕಿದ್ದಾಳೆ. ಪುಸ್ತಕ ಆ ಗಾಯದ ಮಾತನ್ನು ಅವನ ಬಾಯಲ್ಲೇ ಹೇಳಿಸುತ್ತೆ. ಚಿತ್ರದಲ್ಲಿ 'ನಾನು' ಇಲ್ಲ, ಹಾಗಾಗಿ ಗಾಯವನ್ನು ಆ ಸಾಮಾನಿನ ರಾಶಿ ಹೇಳಬೇಕು. ಆರು ಕೈ ಅಲ್ಲೇ ನಿಂತದ್ದು ಸುಮ್ನೆ ಅಲ್ಲ. ಪುಸ್ತಕಕ್ಕೆ ಹತ್ತಾರು ಪುಟ ಬೇಕಾದದ್ದನ್ನು ಕ್ಯಾಮೆರಾ ಒಂದು ಬಾಗಿಲು ತೆಗೆದು ಮುಗಿಸಿದೆ. ಕಾದಂಬರಿಯಿಂದ ಚಿತ್ರ ಅಂದರೆ ನಾನು ನೋಡುವುದು ಇದನ್ನೇ. ಎಷ್ಟು ಕತ್ತರಿಸಿದರು ಅನ್ನುವ ಲೆಕ್ಕ ನನಗೆ ಬೇಡ. ಪುಸ್ತಕದ ಮಾತಿನ ಕೆಲಸವನ್ನು ಚಿತ್ರದಲ್ಲಿ ಯಾವ ವಸ್ತು ಹೊತ್ತುಕೊಂಡಿದೆ, ಅದು ಬೇಕು. ನೋಟ್‌ಬುಕ್‌ನಲ್ಲಿ ಇದಕ್ಕೆ ಮೂರು ಕಾಲಂ: ಇಟ್ಟದ್ದು, ಬಿಟ್ಟದ್ದು, ಬೇರೆಯದಕ್ಕೆ ಹೊರಿಸಿದ್ದು. ನಾಲ್ಕನೇದೂ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಇವಾನ್ಸ್ ಬಗ್ಗೆ ಒಂದು ಮಾತು. ಅವರ ಮೊದಲ ಕ್ರಿಸ್ಮಸ್ ಕಥೆಯನ್ನು ತಮ್ಮ ಹೆಣ್ಣುಮಕ್ಕಳಿಗಾಗಿ ಬರೆದು, ಮನೆಯವರಿಗೆ ಸ್ನೇಹಿತರಿಗೆ ಅಂತ ಮಾಡಿಸಿದ್ದು ಇಪ್ಪತ್ತೇ ಪ್ರತಿ. ಆಮೇಲೆ ಅದು ಲಕ್ಷಗಟ್ಟಲೆ ಹೋಯಿತು. ನನ್ನ ವಾಟ್ಸಾಪ್ ವಿಮರ್ಶೆಗೂ ಮೊದಲ ತಿಂಗಳು ಇದ್ದದ್ದು ಇಪ್ಪತ್ತರ ಹತ್ತಿರ ಜನ. ಇದನ್ನು ಓದಿದ ದಿನ ತುಂಬ ಧೈರ್ಯ ಬಂತು.

ನಡುವೆ ಬೇರೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಒಮ್ಮೆ ಧ್ವನಿ ಪೂರ್ತಿ ಆರಿಸಿ, ಓದೂ ಇಲ್ಲದೆ ಹಾಕಿದೆ. ಸಾಮಾನಿನ ರಾಶಿಗೆ ಆಗಲೂ ಕೈ ನಿಂತವು, ಅಪ್ಪ, ಮಗನ ದೃಶ್ಯಕ್ಕೆ ನಿಲ್ಲಲಿಲ್ಲ. ಅಪ್ಪ, ಮಗನದು ಮಾತಿನ ದೃಶ್ಯ, ಸಾಮಾನಿನ ರಾಶಿಯದು ಕಣ್ಣಿನ ದೃಶ್ಯ ಅಂತ ಅಲ್ಲೇ ಬೇರೆಯಾಯಿತು. ಇನ್ನೊಮ್ಮೆ ಸಾಗರದಲ್ಲಿ ಪರಿಚಯದ ಒಂದು ಕ್ರೈಸ್ತ ಮನೆಯಲ್ಲಿ ಹಾಕಿದೆ. ಕೊಂಕಣಿ ಮಾತಾಡುವವರು. ಹಬ್ಬಕ್ಕೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡುತ್ತಾ ಕೂತಿದ್ದರು, ಕರ್ಜಿಕಾಯಿಯಂಥ ನೆವ್ರಿ ತುಂಬುವ ಕೈಗಳನ್ನು ನೋಡಿದೆ. ಅಲ್ಲಿ ಕೂಲಿಯ ಲೆಕ್ಕ ಇಲ್ಲ, ಕೈ ಬೇಕಾದಾಗ ನಿಲ್ಲುತ್ತೆ, ಅಳತೆಗೆ ಬರಲಿಲ್ಲ. ಆದರೆ ಮನೆಯ ಹಿರಿಯಮ್ಮ ಒಂದು ಮಾತು ಹೇಳಿದರು. "ಇಂಥ ಸಿನಿಮಾಗಳಲ್ಲಿ ಯೇಸು ಹುಟ್ಟಿದ ಗೋದಲಿಗಿಂತ ಮರವೇ ಜಾಸ್ತಿ ಮಗಾ. ರಾತ್ರಿ ಬಲಿಪೂಜೆಗೆ ಹೋಗಿ ಬಂದು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರ್ತೇವಲ್ಲ, ನಮಗೆ ಕ್ರಿಸ್ಮಸ್ ಅದು." ಆ ಮಾತನ್ನು ವಿಮರ್ಶೆಗೆ ಅವರ ಒಪ್ಪಿಗೆ ಕೇಳಿ ಹಾಕಿದೆ. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿಗೆ ಹೋಗುವ ಓದುಗರು ಸುಮಾರು ಜನ ಅದಕ್ಕೇ ಉತ್ತರ ಬರೆದರು. ಈ ಪ್ರಯೋಗಕ್ಕೆ ಬಸ್ ಖರ್ಚು ಮಾತ್ರ. ವಾಪಸ್ ಬರುವಾಗ ಒಂದು ಡಬ್ಬಿ ಕುಸ್ವಾರ್ ಕೊಟ್ಟು ಕಳಿಸಿದರು.

ವಿಮರ್ಶೆ ಒಂಬೈನೂರು ಪದ ಇತ್ತು ಅಂತ ನೆನಪು. ಓದಿ ಹೇಳಿದ್ದು ಎಂಟು ನಿಮಿಷ. ಪ್ರೀತಿಯ ಭಾಗ ಸಪ್ಪೆ, ರೇಚಲ್‌ಗೆ ಮೊದಲೇ ಮದುವೆ ಗೊತ್ತಾಗಿರುವ ಗಂಡಿನ ವಿಷಯವನ್ನು ಬೇಗ ಬೇಗ ತಳ್ಳಿಬಿಟ್ಟಿದ್ದಾರೆ ಅಂತಲೂ ಬರೆದೆ. ಆದರೆ ಮನೆ ಖಾಲಿ ಮಾಡುವ ಭಾಗಕ್ಕಾಗಿ, ಅಪ್ಪನ ಎದುರು ಕೂರುವ ಭಾಗಕ್ಕಾಗಿ ನೋಡಿ ಅಂದೆ. ಯಾವ ನಿಮಿಷದ ಹತ್ತಿರ ಅಂತಲೂ ಕೊಟ್ಟೆ.

ಒಟ್ಟು ಖರ್ಚು ನಾಲ್ಕು ಸಾವಿರ ದಾಟಿತ್ತು, ಐದು ಆಗಿರಲಿಲ್ಲ. ಪ್ರೊಜೆಕ್ಟರ್ ತಪ್ಪು ಮಾಡದೇ ಇದ್ದಿದ್ದರೆ ಮೂರರಲ್ಲಿ ಮುಗಿಯುತ್ತಿತ್ತು. ತಿಂಗಳಿಗೆ ಮೂವತ್ತು ರೂಪಾಯಿ ಕೊಟ್ಟು ನನ್ನ ವಿಮರ್ಶೆ ತರಿಸಿಕೊಳ್ಳುವವರು ಆಗ ಅರವತ್ತು ಚಿಲ್ಲರೆ ಜನ. ಜನವರಿ ಹದಿನೈದರ ಹೊತ್ತಿಗೆ ನೂರಾ ಎಂಬತ್ತರ ಹತ್ತಿರ ಹೋಯಿತು. ಹೊಸದಾಗಿ ಬಂದವರಲ್ಲಿ ಜಾಸ್ತಿ ಜನ ಐವತ್ತು ದಾಟಿದ ಹೆಂಗಸರು. ನಾನು ಬರೆದ ಯಾವ ವಿಮರ್ಶೆಗೂ ಹೀಗಾಗಿರಲಿಲ್ಲ, ಗೆಳೆಯರ ಯಾವ ವಿಮರ್ಶೆಗೂ ಆಗಿಲ್ಲ. ಕಾಫಿ ಕುಡಿಯುತ್ತಾ ಬೇಡ ಅಂದಿದ್ದವನು ಫೆಬ್ರವರಿಯಲ್ಲಿ ಫೋನ್ ಮಾಡಿ, ಆ ಅಂಗಳ ಎಲ್ಲಿದೆ ಅಂತ ಕೇಳಿದ. ಕೊಯ್ಲು ಮುಗೀತು, ಬರುವ ವರ್ಷ ಬಾ ಅಂದೆ.

ಮೂರನೇ ರಾತ್ರಿಯ ಗುಂಪಿನಲ್ಲಿ ಹಂಡೆ ನೋಡಿಕೊಳ್ಳುತ್ತಿದ್ದ ಅಮ್ಮ ಒಬ್ಬರಿದ್ದರು. ಚಿತ್ರದ ಕೊನೆ ಹೊತ್ತಿಗೆ ಅಡಿಕೆ ತೋಡಿ ಹಾಕೋಕೆ ಎದ್ದು ಹೋದವರು ವಾಪಸ್ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಿದ್ದೆ. ಅಂಗಳದಾಚೆಯ ದಣಪೆ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದರು, "ತಮ್ಮಾ, ಆ ಹುಡುಗಿಗೆ ಅಮ್ಮ ಸಿಕ್ಕಿದಳಾ?" ಆ ಇಬ್ಬರು ಮದುವೆಯಾದರಾ ಅಂತ ಅವರು ಕೇಳಲಿಲ್ಲ. ಚೀಲ ಕೆಳಗಿಟ್ಟು, ಕೊನೆಯ ಇಪ್ಪತ್ತು ನಿಮಿಷದ ಕಥೆಯನ್ನು ಅಲ್ಲೇ ನಿಂತು ಪೂರ್ತಿ ಹೇಳಿದೆ. ಆ ಬಸ್ಸು ಹೋಯಿತು, ಮುಂದಿನದಕ್ಕೆ ಒಂದೂವರೆ ಗಂಟೆ ಕಾದೆ. ಕಾಯುತ್ತಾ ಕೂತಲ್ಲೇ ವಿಮರ್ಶೆಯ ಮೊದಲ ಸಾಲು ಬರೆದೆ. ಅವರು ಕೇಳಿದ ಪ್ರಶ್ನೆಯೇ ಆ ಸಾಲು.