ಕ್ಯಾರವಾನ್ ಕೀ ಒಳಗೇ ಉಳಿದಾಗ ಗ್ಲಾಸ್ ಒಡೆಯದೆ ಒಳಗೆ ಹೋಗಿದ್ದು

ಹಳೇ ಟೆಂಪೊ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಕೊಂಡು ನಾವು ಊರೂರು ಸುತ್ತುತ್ತೇವೆ. ಮಾರ್ಚ್‌ನಲ್ಲಿ ಕೊಡಗಿನ ಕಕ್ಕಬ್ಬೆ ಹತ್ತಿರ ಒಂದು ತೋಟದ ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿದ್ದೆವು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಒಂಬತ್ತು ದಿನ ಆಗಿತ್ತು, ಗಿಡವೆಲ್ಲ ಬೆಳ್ಳಗೆ. ಹೂ ನೋಡೋಣ ಅಂತ ಅಮ್ಮ, ಅಣ್ಣನ ಮಗ, ನಾನು ಸಂಜೆ ಕೆಳಗಿಳಿದೆವು. ತಡಿಯಂಡಮೋಳ್ ಬೆಟ್ಟದ ಕಡೆಯಿಂದ ಜೋರು ಗಾಳಿ ಬಂತು. ಬಾಗಿಲು ಧಡ್ ಅಂತ ಹಾಕಿಕೊಂಡಿತು.

ಅದು ಹಾಕಿದರೆ ತಾನೇ ಲಾಕ್ ಆಗುವ ಬಾಗಿಲು. ಕೀ ಗೊಂಚಲು ಒಳಗೆ ಒಲೆ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಮುಂದಿನ ಬಾಗಿಲುಗಳನ್ನು ಮೊದಲೇ ಲಾಕ್ ಮಾಡಿದ್ದೆ. ಅಮ್ಮನ ಬಿಪಿ ಮಾತ್ರೆ, ಸ್ವೆಟರ್ ಎರಡೂ ಒಳಗೆ.

ಮೊದಲು ಗ್ಯಾಸ್ ಬಂದ್ ಮಾಡಿದೆ. ನಮ್ಮ ಸಿಲಿಂಡರ್ ಪೆಟ್ಟಿಗೆ ಹೊರಗಿನಿಂದ ತೆಗೆಯುವಂಥದ್ದು, ಬರೀ ಚಿಲಕ. ಒಲೆ ಆರಿಸಿದ್ದು ನೆನಪಿತ್ತು, ಆದರೂ ರೆಗ್ಯುಲೇಟರ್ ತಿರುಗಿಸಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಮುಚ್ಚಿದ ಗಾಡಿಯಲ್ಲಿ ಇದನ್ನು ಅಂದಾಜಿಗೆ ಬಿಡಬಾರದು.

ಆಮೇಲೆ ಪಕ್ಕದ ಕಿಟಕಿ ಸಂದಿಯಲ್ಲಿ ತಂತಿ ತೂರಿಸಿ ಅರ್ಧ ಗಂಟೆ ಹೆಣಗಿದೆ. ಆಗಲಿಲ್ಲ. ತೋಟದ ಮೇಸ್ತ್ರಿ ಬಂದರು. "ಅಕ್ಕಾ, ಒಂದು ಗ್ಲಾಸ್ ಒಡೆದುಬಿಡಿ, ಅಮ್ಮ ಚಳಿಯಲ್ಲಿ ಕೂತಿದ್ದಾರೆ" ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಅದು ಟಫನ್ಡ್ ಗ್ಲಾಸ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಒಡೆದರೆ ಇಡೀ ಗ್ಲಾಸ್ ಕಾಳು ಕಾಳಾಗಿ ಹಾಸಿಗೆ, ಪಾತ್ರೆ ಎಲ್ಲದರ ಮೇಲೂ ಬೀಳುತ್ತದೆ. ದೊಡ್ಡದು ತಂದು ಕತ್ತರಿಸಿ ಕೂರಿಸೋಣ ಅಂದರೂ ಆಗಲ್ಲ. ಅಳತೆ ಕೊಟ್ಟೇ ಮಾಡಿಸಬೇಕು.

ಅಮ್ಮನಿಗೆ ಮೇಸ್ತ್ರಿ ಮನೆಯವರು ಕಂಬಳಿ, ಕಾಫಿ ಕೊಟ್ಟರು. ನನಗೆ ಸ್ವಲ್ಪ ಸಮಾಧಾನ ಆಯಿತು. ಆಗ ಹಿಂದಿನ ಗ್ಲಾಸ್ ಕಡೆ ಕಣ್ಣು ಹೋಯಿತು.

ಅದು ಸರಿಯುವ ಗ್ಲಾಸ್ ಅಲ್ಲ, ರಬ್ಬರ್ ಬೀಡಿಂಗ್‌ನಲ್ಲಿ, ಅಂದರೆ ಸುತ್ತಲೂ ಗ್ಲಾಸನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಅಂಚಿನಲ್ಲಿ, ಕೂತಿರುವುದು. ಈ ಬೀಡಿಂಗ್‌ನ ಹೊರಮೈಯಲ್ಲಿ ಸುತ್ತಲೂ ಒಂದು ಸಣ್ಣ ಸಂದಿ ಇರುತ್ತದೆ, ಅದರೊಳಗೆ ಪೆನ್ಸಿಲ್‌ಗಿಂತ ಸಣ್ಣ ಪಟ್ಟಿ. ಇಡೀ ಬೀಡಿಂಗ್ ಬಿಗಿಯಾಗಿರುವುದು ಆ ಪಟ್ಟಿಯಿಂದಲೇ. ಅದರ ಎರಡು ತುದಿ ಸೇರುವ ಜಾಗ ನಮ್ಮ ಗಾಡಿಯಲ್ಲಿ ಕೆಳಗೆ, ನಡುವೆ ಇತ್ತು. ಸ್ಕ್ರೂಡ್ರೈವರ್‌ನಿಂದ ಒಂದು ತುದಿ ಎಬ್ಬಿಸಿ ಎಳೆದೆ. ಮೂಲೆಗಳಲ್ಲಿ ಬಿಗಿಹಿಡಿಯಿತು, ಚಳಿಗೆ ರಬ್ಬರ್ ಸೆಟೆದುಕೊಂಡಿತ್ತು. ಬಿಸಿನೀರು ತರಿಸಿ ಸುತ್ತಲೂ ಸುರಿದ ಮೇಲೆ ಪಟ್ಟಿ ಪೂರ್ತಿ ಬಂತು.

ಇನ್ನು ಮೇಲೆ ಸ್ಕ್ರೂಡ್ರೈವರ್ ಬೇಡವೇ ಬೇಡ. ಟಫನ್ಡ್ ಗ್ಲಾಸ್ ನಡುವೆ ಗಟ್ಟಿ, ಅಂಚಿಗೆ ಕಬ್ಬಿಣ ತಾಗಿದರೆ ಮುಗೀತು. ಮೇಸ್ತ್ರಿ ಬಿದಿರು ಸೀಳಿ, ತುದಿ ನಯ ಮಾಡಿ ಎರಡು ತುಂಡು ಕೊಟ್ಟರು. ಸೋಪಿನ ನೀರು ಹಚ್ಚಿ, ಮೇಲಿನ ಮೂಲೆಯಿಂದ ಗ್ಲಾಸಿನ ಅಂಚು ಮುಚ್ಚಿರುವ ರಬ್ಬರ್ ತುಟಿಯನ್ನು ಗ್ಲಾಸಿನಾಚೆ ಮಡಚುತ್ತಾ ಬಂದೆ. ಎಣ್ಣೆ ಹಾಕಬೇಡಿ, ರಬ್ಬರ್ ಹಾಳಾಗುತ್ತದೆ. ಗ್ಲಾಸಿನ ಮೇಲಿನ ಅಂಚು ಹೊರಗೆ ನಮ್ಮ ಕಡೆ ಬಾಗಿತು, ಇಬ್ಬರೂ ಹಿಡಿದು ಇಳಿಸಿ ಗೋಣಿಚೀಲದ ಮೇಲೆ ಮಲಗಿಸಿದೆವು.

ಮೆಣಸು ಕುಯ್ಯುವ ಬಿದಿರೇಣಿ ಒರಗಿಸಿದ್ದೇ ತಡ, "ಅತ್ತೆ, ನಾನು ಹೋಗ್ತೀನಿ" ಅಂತ ಹುಡುಗ ಹತ್ತಿ ಒಳಗೆ ನುಸುಳಿದ. ಬಾಗಿಲು ತೆಗೆದ. ಮೊದಲು ಅಮ್ಮನಿಗೆ ಮಾತ್ರೆ.

ಗ್ಲಾಸ್ ವಾಪಸ್ ಕೂರಿಸುವುದೇ ಜಾಸ್ತಿ ಹೊತ್ತು ಹಿಡಿಯಿತು. ರಬ್ಬರ್ ಗಾಡಿಯಲ್ಲೇ ಇತ್ತು. ಗ್ಲಾಸ್ ಕೂರುವ ಸಂದಿಯಲ್ಲಿ ಸುತ್ತಲೂ ನೈಲಾನ್ ದಾರ ಇಟ್ಟು, ತುದಿ ಹೊರಗೆ ಬಿಟ್ಟೆ. ಗ್ಲಾಸಿನ ಕೆಳಗಿನ ಅಂಚು ಕೂರಿಸಿ ಮೇಸ್ತ್ರಿ ಹೊರಗಿನಿಂದ ಒತ್ತಿ ಹಿಡಿದರು. ನಾನು ದಾರವನ್ನು ಮೆಲ್ಲಗೆ ಎಳೆಯುತ್ತಾ ಹೋದ ಹಾಗೆ ರಬ್ಬರ್ ತುಟಿ ಎದ್ದು ಗ್ಲಾಸ್ ಮೇಲೆ ಕೂತಿತು. ಕೊನೆಗೆ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸೇರಿಸಿದೆ. ಉಗುರಿನ ಬುಡ ಎರಡು ದಿನ ನೋಯುತ್ತಿತ್ತು.

ಈಗ ಬಾಗಿಲಿಗೆ ತಾನೇ ಹಾಕಿಕೊಳ್ಳದ ಲಾಕ್ ಹಾಕಿಸಿದ್ದೇನೆ. ಇನ್ನೊಂದು ಕೀ ಅಮ್ಮನ ಎಲೆ ಅಡಿಕೆ ಚೀಲದಲ್ಲಿದೆ, ಅದನ್ನು ಬಿಟ್ಟು ಅವರು ಎಲ್ಲೂ ಇಳಿಯುವುದಿಲ್ಲ. ಆವತ್ತು ರಾತ್ರಿ ಇನ್ನೊಂದು ಮಳೆ ಬಂತು. ಟಾರ್ಚ್ ಹಿಡಿದು ಹಿಂದಿನ ಗ್ಲಾಸ್ ಸುತ್ತ ಬೆರಳಾಡಿಸಿ ನೋಡಿದೆ, ಎಲ್ಲೂ ಒಂದು ಹನಿ ಇರಲಿಲ್ಲ.