ಇಂಗ್ಲೆಂಡಿನಲ್ಲಿ ಎ-ಲೆವೆಲ್ ಛಾಯಾಗ್ರಹಣ ಓದುವ ಬಗೆ

ಇಂಗ್ಲೆಂಡಿನಲ್ಲಿ ಹದಿನಾರು ವಯಸ್ಸಿನ ನಂತರದ ಎರಡು ವರ್ಷಗಳ ಎ-ಲೆವೆಲ್ ವ್ಯಾಸಂಗಕ್ಕೆ ಛಾಯಾಗ್ರಹಣವನ್ನು ಆರಿಸಿಕೊಳ್ಳುವವರು, ಇಲ್ಲಿ ಕೊನೆಯ ಚಿತ್ರದ ಜೊತೆಗೆ ಅದನ್ನು ತಲುಪಿದ ಹಾದಿಗೂ ಅಂಕಗಳಿವೆ ಎಂಬುದನ್ನು ಮೊದಲ ವಾರದಲ್ಲಿಯೇ ಮನಗಾಣಬೇಕು. ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪಠ್ಯಕ್ರಮದಲ್ಲಿ ಶೇ. 60ರಷ್ಟು ತೂಕ ವಿದ್ಯಾರ್ಥಿಯೇ ಆರಿಸಿದ ವಿಷಯದ ಅನ್ವೇಷಣೆಗೂ ಶೇ. 40ರಷ್ಟು ಮಂಡಳಿ ನೀಡುವ ವಿಷಯದ ಕೆಲಸಕ್ಕೂ ಸಲ್ಲುತ್ತದೆ. ಎರಡಕ್ಕೂ ತಲಾ 96 ಅಂಕಗಳಿದ್ದು, ವಿಚಾರವನ್ನು ಬೆಳೆಸುವುದು, ಸಾಧನ ಹಾಗೂ ತಂತ್ರಗಳನ್ನು ಪ್ರಯೋಗಿಸಿ ಆರಿಸುವುದು, ಕಂಡದ್ದನ್ನು ದಾಖಲಿಸುವುದು, ಅರ್ಥಪೂರ್ಣ ಕೃತಿಯಾಗಿ ಮಂಡಿಸುವುದು ಎಂಬ ನಾಲ್ಕು ಗುರಿಗಳಿಗೆ ಅವು 24ರಂತೆ ಹಂಚಿಕೆಯಾಗುತ್ತವೆ.

ವಿಷಯವನ್ನು ಚಿಕ್ಕದಾಗಿ ಆರಿಸಿಕೊಳ್ಳಿ. ‘ನಿಸರ್ಗ’ ಎಂದು ಹೊರಟವರು ಎಲ್ಲಿಯೂ ನಿಲ್ಲಲಾರರು. ‘ನಮ್ಮ ಬೀದಿಯ ಅಂಗಡಿಗಳ ಮುಂಭಾಗ’ ಎಂದವರಿಗೆ ಮರುದಿನವೇ ಕೆಲಸ ಸಿಗುತ್ತದೆ. ಅಂಗಡಿಗಳನ್ನೇ ಆರಿಸಿದಿರೆಂದುಕೊಳ್ಳಿ. ನೀರಿನ ಗೋಪುರಗಳನ್ನೂ ಗಣಿಗಳ ಕಟ್ಟಡಗಳನ್ನೂ ದಶಕಗಳ ಕಾಲ ಒಂದೇ ಶಿಸ್ತಿನಿಂದ ಚಿತ್ರಿಸಿದ ಜರ್ಮನಿಯ ಛಾಯಾಗ್ರಾಹಕರಾದ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಯನ್ನು ಅಧ್ಯಯನ ಮಾಡಿ. ನೆರಳು ಗಾಢವಾಗಿ ಬೀಳದಂತೆ ಅವರು ಮೋಡ ಕವಿದ ಬೆಳಕನ್ನು ಬಯಸುತ್ತಿದ್ದರು, ಮತ್ತು ಅಂತಹ ಬೆಳಕಿಗೆ ಇಂಗ್ಲೆಂಡಿನಲ್ಲಿ ಕೊರತೆಯಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಮಸೂರದ ತೆರಪು) ಎಫ್/8 ಇಟ್ಟುಕೊಂಡು, ಪ್ರತಿ ಅಂಗಡಿಯನ್ನೂ ಒಂದೇ ದೂರದಿಂದ, ಒಂದೇ ಎತ್ತರದಿಂದ ತೆಗೆಯಿರಿ; ಬೆಳಕು ಬದಲಾದಂತೆ ಶಟರ್ ವೇಗವನ್ನು ಮಾತ್ರ ಬದಲಿಸಿ. ಆಮೇಲೆ ಇದೇ ನಿಯಮವನ್ನು ಬೇಕೆಂದೇ ಮುರಿದು, ಸಂಜೆಯ ದೀಪಗಳಲ್ಲಿ, ಅಂಗಡಿಯವರನ್ನು ಕೇಳಿ ಒಪ್ಪಿಗೆ ಪಡೆದು, ಬಾಗಿಲಲ್ಲಿ ಅವರನ್ನೂ ನಿಲ್ಲಿಸಿ ತೆಗೆಯಿರಿ.

ಕನ್ನಡ ಮನೆಯ ಮಕ್ಕಳಿಗೆ ಇಲ್ಲಿ ಇನ್ನೊಂದು ಆಸರೆಯೂ ಇದೆ: ಸಾಮಾನ್ಯ ಜನರ ದಿನಚರಿಯನ್ನು ಅಕ್ಕರೆಯಿಂದ ಸೆರೆಹಿಡಿದ ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009). ಬೆಕರ್ ದಂಪತಿ ಮನುಷ್ಯರನ್ನು ಚೌಕಟ್ಟಿನಿಂದ ಹೊರಗಿಟ್ಟರು, ಸತ್ಯನ್ ಮನುಷ್ಯರನ್ನೇ ನಡುವೆ ಇಟ್ಟರು. ಈ ಹೋಲಿಕೆಯೊಂದರಿಂದಲೇ ಒಳ್ಳೆಯ ಪ್ರಬಂಧ ಹುಟ್ಟಬಲ್ಲದು. ಅನ್ವೇಷಣೆಗೆ 1000ದಿಂದ 3000 ಪದಗಳ ಬರಹವೂ ಅಗತ್ಯ. ಅದನ್ನು ಕೊನೆಯ ತಿಂಗಳಿಗೆ ಉಳಿಸದೆ ಚಿತ್ರಗಳ ಜೊತೆಗೇ ಬರೆಯುತ್ತ ಹೋಗಿ.

ತೆಗೆದ ಚಿತ್ರಗಳೆಲ್ಲವನ್ನೂ ಕಾಂಟ್ಯಾಕ್ಟ್ ಶೀಟಿನಲ್ಲಿ, ಅಂದರೆ ಒಂದೇ ಹಾಳೆಯಲ್ಲಿ ಚಿಕ್ಕದಾಗಿ ಸಾಲಾಗಿ, ಮುದ್ರಿಸಿ, ಆರಿಸಿದ್ದಕ್ಕೂ ಕೈಬಿಟ್ಟಿದ್ದಕ್ಕೂ ಕಾರಣವನ್ನು ಪಕ್ಕದಲ್ಲಿ ಬರೆಯಿರಿ. ‘ಚೆನ್ನಾಗಿದೆ’ ಎಂಬುದು ಕಾರಣವಲ್ಲ. ‘ಗಾಜಿನಲ್ಲಿ ಎದುರು ಬೀದಿಯ ಬಿಂಬ ಬಿದ್ದು ಒಳಗಿನ ವಸ್ತುಗಳು ಮರೆಯಾದವು, ಮುಂದಿನ ಬಾರಿ ಪೋಲರೈಸಿಂಗ್ ಫಿಲ್ಟರ್ ಹಾಕುತ್ತೇನೆ’ ಎಂಬುದು ಕಾರಣ. ಸೋತ ಚಿತ್ರವನ್ನು ಅಳಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ವಿಚಾರ ಬೆಳೆದುದಕ್ಕೆ ಅದೇ ಸಾಕ್ಷಿ.

ಶೇ. 40ರ ಕೆಲಸಕ್ಕಾಗಿ ಮಂಡಳಿ ನೀಡುವ ಪ್ರಶ್ನೆಪತ್ರಿಕೆ ಎರಡನೆಯ ವರ್ಷದ ಫೆಬ್ರವರಿ 1ರಿಂದ ಕೈಸೇರುತ್ತದೆ. ಸಿದ್ಧತೆ ಮುಗಿದ ಮೇಲೆ 15 ಗಂಟೆಗಳ ಕೆಲಸವನ್ನು ಮೇಲ್ವಿಚಾರಣೆಯಲ್ಲಿ ಒಬ್ಬರೇ ಮಾಡಬೇಕು. ಆ ಅವಧಿ ಆರಂಭವಾದ ನಂತರ ಸಿದ್ಧತೆಯ ಪುಟಗಳಿಗೆ ಏನನ್ನೂ ಸೇರಿಸುವಂತಿಲ್ಲ. ಆದ್ದರಿಂದ ಮುದ್ರಣದ ಕಾಗದ, ಅಳತೆ, ಚಿತ್ರಗಳ ಅನುಕ್ರಮ ಇವೆಲ್ಲವನ್ನೂ ಮೊದಲೇ ಪರೀಕ್ಷಿಸಿ ನಿರ್ಧರಿಸಿಟ್ಟುಕೊಂಡು ಒಳಗೆ ಹೋಗಿ.