ಸೊರಗಿದ ಮಗು, ಹಸಿದ ಮಿದುಳು

ತಾಯಿಯ ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯದ ಎಷ್ಟೋ ಮಕ್ಕಳನ್ನು ನೋಡಿದ ಕೂಡಲೇ ಗುರುತು ಹಿಡಿಯಬಹುದು. ತೊಡೆಯ ಚರ್ಮ ಸಡಿಲ, ಪಕ್ಕೆಲುಬು ಕಾಣುತ್ತವೆ, ತಲೆ ಮಾತ್ರ ದೊಡ್ಡದು ಅನ್ನಿಸುತ್ತದೆ. ಮಾಸಿನಿಂದ ಬರುವ ರಕ್ತ ಸಾಲದಾದಾಗ ಮಗುವಿನ ಮೈ ಮೊದಲ ಪಾಲನ್ನು ಮಿದುಳಿಗೆ ಕೊಡುತ್ತದೆ. ಲಿವರ್ ಹಿಂದೆ ಬೀಳುತ್ತದೆ. ಹುಟ್ಟಿದ ಮೇಲೆ ಕಷ್ಟ ಬರುವುದು ಇದರಿಂದಲೇ. ಸಕ್ಕರೆ ಸುಡುವ ಮಿದುಳು ಮೈಗೆ ಹೋಲಿಸಿದರೆ ದೊಡ್ಡದು, ಸಕ್ಕರೆ ಕೂಡಿಡುವ ಲಿವರ್ ಸಣ್ಣದು. ಕೊಬ್ಬೂ ಇಲ್ಲ, ಹಾಗಾಗಿ ಕೊಬ್ಬು ಕರಗಿ ಹುಟ್ಟುವ, ಸಕ್ಕರೆಗೆ ಬದಲಾಗಿ ಮಿದುಳಿಗೆ ಒದಗುವ ಕೀಟೋನ್ ಕೂಡ ಕಡಿಮೆ.

ಅದಕ್ಕೇ ನಮ್ಮ ನವಜಾತ ಶಿಶು ವಾರ್ಡಿನಲ್ಲಿ ಇಂಥ ಮಕ್ಕಳ ಶುಗರ್ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಒಂದು ಗಂಟೆಯೊಳಗೆ ಎದೆಹಾಲು. ಆಮೇಲೆ 2, 6, 12, 24, 48, 72ನೇ ಗಂಟೆಗೆ ಪರೀಕ್ಷೆ, ಹಾಲು ಕುಡಿಸುವ ಮುಂಚೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತೇನೆ. ಸ್ಪಿರಿಟ್ ಪೂರ್ತಿ ಆರಬೇಕು, ಇಲ್ಲದಿದ್ದರೆ ರೀಡಿಂಗ್ ತಪ್ಪುತ್ತದೆ. ಚುಚ್ಚುವುದು ಹಿಮ್ಮಡಿಯ ಪಕ್ಕಕ್ಕೆ, ನಡುವೆ ಅಲ್ಲ.

“ಪಾಪು ಸುಮ್ನೆ ಮಲಗಿದೆಯಲ್ಲಾ ಡಾಕ್ಟ್ರೇ, ಯಾಕೆ ಚುಚ್ತೀರಾ?” ಎಂದು ಅಜ್ಜಿಯರು ಕೇಳುತ್ತಾರೆ. ನನಗೆ ಜಾಸ್ತಿ ಚಿಂತೆ ಆಗುವುದೇ ಅಂಥ ಮಗುವಿನ ಬಗ್ಗೆ. ಶುಗರ್ 45ಕ್ಕಿಂತ ಇಳಿದರೂ ಎಷ್ಟೋ ಮಕ್ಕಳು ಅಳುವುದಿಲ್ಲ, ನಡುಗುವುದೂ ಇಲ್ಲ. ಚೀಪುವ ಶಕ್ತಿ ಇಲ್ಲದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತೇವೆ. ಆಗಲೂ ಏರದಿದ್ದರೆ ಗ್ಲೂಕೋಸ್ ಡ್ರಿಪ್. ಉಳಿದ ಹೊತ್ತು ತಾಯಿಯ ಎದೆಗೆ ಒತ್ತಿ ಮಲಗಿಸಿ ಕಾಂಗರೂ ಆರೈಕೆ. ಮೈ ತಣ್ಣಗಾದರೆ ಬೆಚ್ಚಗಾಗಲೆಂದೇ ಸಕ್ಕರೆ ಖರ್ಚಾಗುತ್ತದೆ.

ಮೂರು ದಿನ ದಾಟಿದರೆ ಮುಗಿಯಿತು ಎಂದುಕೊಳ್ಳಬೇಡಿ. ಹೊಟ್ಟೆಯಲ್ಲಿದ್ದಾಗ ಮೊದಲ ಪಾಲು ಸಿಕ್ಕ ಮಾತ್ರಕ್ಕೆ ಮಿದುಳಿಗೆ ಏನೂ ಆಗಿಲ್ಲ ಎಂದಲ್ಲ. ಬಾರ್ಸಿಲೋನಾದ ಸಂಶೋಧಕರು ಒಂದು ವರ್ಷದ ಮಕ್ಕಳ ಮಿದುಳನ್ನು ಎಂ.ಆರ್. ಸ್ಪೆಕ್ಟ್ರೋಸ್ಕೋಪಿಯಲ್ಲಿ (ಒಳಗಿನ ರಾಸಾಯನಿಕಗಳನ್ನು ಅಳೆಯುವ ಸ್ಕ್ಯಾನ್) ನೋಡಿದಾಗ, ದಿನ ತುಂಬಿದರೂ ಚಿಕ್ಕದಾಗಿ ಹುಟ್ಟಿದವರಲ್ಲಿ ಕೆಲವು ರಾಸಾಯನಿಕಗಳ ಪ್ರಮಾಣ ಬೇರೆಯಾಗಿತ್ತು. ಹಾಗಾಗಿ ಲಸಿಕೆಗೆ ಬಂದಾಗಲೆಲ್ಲ ತೂಕದ ಜೊತೆ ತಲೆಯ ಸುತ್ತಳತೆ ಬರೆಯುತ್ತೇನೆ. ಕತ್ತು ನಿಂತಿತಾ, ದನಿ ಕೇಳಿದ ಕಡೆ ತಿರುಗುತ್ತಾ, ಇದನ್ನೂ ನೋಡುತ್ತೇನೆ. ಸ್ವಲ್ಪ ಹಿಂದಿದ್ದರೆ ‘ಆಮೇಲೆ ಸರಿಹೋಗುತ್ತೆ’ ಎಂದು ಬಿಡದೆ ಆಗಲೇ ಥೆರಪಿಗೆ ಕಳಿಸುತ್ತೇನೆ.

ಇನ್ನು, ಬೇಗ ದುಂಡಗಾಗಲಿ ಎಂದು ತುಪ್ಪ, ಸಕ್ಕರೆ ತುರುಕುವುದು ಬೇಡ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆ ಹಿಡಿದು ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ನಡುವಯಸ್ಸು ದಾಟಿದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಕಂಡಿತ್ತು. ಆ ಅಪಾಯದ ಮೇಲೆ ಬೊಜ್ಜೂ ಸೇರುವುದು ಬೇಡ. ಆರು ತಿಂಗಳು ಎದೆಹಾಲು ಮಾತ್ರ ಸಾಕು. ಆಮೇಲೆ ರಾಗಿ ಸರಿ, ಬೇಳೆ, ಮೊಟ್ಟೆ ಕೊಡಿ. ಕಬ್ಬಿಣದ ಹನಿಗಳನ್ನು ನಾವು ಬರೆದುಕೊಟ್ಟಷ್ಟು ದಿನ ತಪ್ಪದೆ ಹಾಕಿ.